ಹಿಂದಿನ ಬೆಂಚಿಗೆ ಕಂಡ ದೋಣಿ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೆಯಲ್ಲೇ ಶಾಲೆ ಬಿಟ್ಟವಳ ಮಾತೂ ಅಷ್ಟಕ್ಕಷ್ಟೇ. ಓದುವವರು ಸೈರಿಸಿಕೊಳ್ಳಬೇಕು. ಆದರೆ ನೆರೆಮನೆಯ ಶಮೀಮಾಳ ಸಂಗತಿಯನ್ನು ಬರೆಯದೆ ಇರಲು ನನ್ನಿಂದಾಗಲಿಲ್ಲ.

ನಾಯ್ಮಾರ್ಮೂಲೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಮದುಮಗಳ ಕೈಗೆ ಮದರಂಗಿ ಇಡಲು ಶಮೀಮಾಳೇ ಬೇಕು. ಅವಳು ಬಿಡಿಸಿದ ಬಳ್ಳಿಯಲ್ಲಿ ಎಲೆಯ ನರಗಳೂ ಎದ್ದು ಕಾಣುತ್ತಿದ್ದವು. ಚಿತ್ರಕಲೆಯಲ್ಲಿ ಪದವಿ ಮುಗಿಸಿದ ಮೇಲೆ ಅವಳಿಗೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗುವ ಆಸೆ ಹತ್ತಿತು. ಅದಕ್ಕೆ ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿಗೆ ಒಂದು ವರ್ಷದ ತರಬೇತಿ ಬೇಕು. ದುಬಾಯಿಯಲ್ಲಿದ್ದ ಅಣ್ಣ ಅಶ್ಕರ್ ಫೋನಿನಲ್ಲಿ, “ಒಂದು ವರ್ಷ ಓದು, ನೋಡುವ. ಪಾಸಾಗದಿದ್ರೆ ಮತ್ತೆ ಓದುವ ಸುದ್ದಿ ತೆಗೀಬಾರದು” ಎಂದ. ೨೦೧೪ರ ಜೂನಿನಲ್ಲಿ ಶಮೀಮಾ ಚೀಲ ಹೆಗಲಿಗೇರಿಸಿ ಕಾಸರಗೋಡಿನ ಬಸ್ಸು ಹತ್ತಿದಳು.

ಬಣ್ಣ, ಬೆಳಕು, ನೆರಳು, ಮಕ್ಕಳ ಮನಸ್ಸು, ಓದಿದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಎಡವಿದ್ದು ಮೊದಲ ಅಭ್ಯಾಸ ಪಾಠದಲ್ಲಿ. ಐದನೆಯ ತರಗತಿಯ ಮಕ್ಕಳೆದುರು ಬೋರ್ಡಿನ ಮೇಲೆ ಬಳ್ಳಿ ಬಿಡಿಸಬೇಕಿತ್ತು. ಅವಳು ಚಾಕ್‌ಪೀಸನ್ನು ಮದರಂಗಿ ಕೋನಿನಂತೆ ಹಿಡಿದಳು. ಬೋರ್ಡು ಎಲ್ಲಿ ಕಚಗುಳಿಯಾಗಿ ಅಲುಗೀತೋ ಎಂಬಂತೆ ಎಡಗೈಯಿಂದ ಅದನ್ನು ಒತ್ತಿ ಹಿಡಿದಳು. ಬಿಡಿಸಿ ಮುಗಿದದ್ದೇ, ಬೇಗ ಒಣಗಲೆಂದು ಉಫ್ ಎಂದು ಊದಿದಳು! ಪುಡಿಯೆಲ್ಲ ಮೂಗಿಗೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ತರಬೇತಿ ಕೊಡುವ ಮನೋರಮಾ ಟೀಚರ್ ಹಿಂದೆ ಕುಳಿತಿದ್ದರು. “ಎಂತ ಉಂಟು ಮಾರಾಯ್ತಿ ಅಲ್ಲಿ? ಇಲ್ಲಿಂದ ಇರುವೆ ಹೋದ ಹಾಗೆ ಕಾಣ್ತದೆ. ಅದು ಬೋರ್ಡು, ಮದುಮಗಳ ಅಂಗೈ ಅಲ್ಲ!” ಎಂದರು. ಆಮೇಲೆ ಹತ್ತಿರ ಕರೆದು ಹೇಳಿದರು: “ನೀನು ಮಣಿಕಟ್ಟಿನಿಂದ ಬಿಡಿಸ್ತಿ. ಟೀಚರ್ ಹೆಗಲಿನಿಂದ ಬಿಡಿಸ್ಬೇಕು. ಫೆಬ್ರವರಿಗೆ ಪರೀಕ್ಷಕರು ಬರ್ತಾರೆ. ಹಿಂದಿನ ಬೆಂಚಿಗೆ ಕಾಣದಿದ್ರೆ ಸರ್ಟಿಫಿಕೇಟಿಲ್ಲ, ನೆನಪಿರ್ಲಿ.”

ಅಂದಿನಿಂದ ಸಂಜೆ ಬಸ್ಸಿಳಿದವಳೇ ಶಮೀಮಾ ಗುಡಿಸುವ ಹಿಡಿಸೂಡಿಯನ್ನು ನೀರಿಗದ್ದಿ ಸಿಮೆಂಟಿನ ಅಂಗಳದಲ್ಲಿ ಚಿತ್ರ ಬಿಡಿಸತೊಡಗಿದಳು. ಜಗಲಿಯಲ್ಲಿ ಕುಳಿತ ತಾಯಿ ಮರಿಯುಮ್ಮನೇ ಅವಳ ಹಿಂದಿನ ಬೆಂಚು.

“ಉಮ್ಮಾ, ಇದೆಂತ ಹೇಳು?”

“ಹುಳ.”

“ಹುಳ ಅಲ್ಲ, ಮಾವಿನೆಲೆ!”

“ಹಾಗಾದ್ರೆ ಎಲೆಯನ್ನು ಮರದಷ್ಟು ದೊಡ್ಡದಾಗಿ ಬಿಡಿಸು ಮೋಳೇ. ಅಂಗಳ ತೊಳೆದ ಹಾಗೂ ಆಯ್ತು.”

ಹೆಗಲು ನೋಯುತ್ತಿತ್ತು, ಗೆರೆ ಒಣಗಿ ಹೋಗುತ್ತಿತ್ತು, ಅವಳು ಮತ್ತೆ ಎಳೆಯುತ್ತಿದ್ದಳು. ಕೊನೆಗೊಂದು ಸಂಜೆ ಅವಳು ಬಿಡಿಸಿದ ಮೀನನ್ನು ನೋಡಿ, ಕೇಳುವ ಮೊದಲೇ ಉಮ್ಮ, “ಬಂಗುಡೆ! ಬಂಗುಡೆ!” ಎಂದು ಕೂಗಿದಾಗ ಶಮೀಮಾ ಹಿಡಿಸೂಡಿ ಎಸೆದು ಉಮ್ಮನನ್ನು ತಬ್ಬಿಕೊಂಡಳು.

ಫೆಬ್ರವರಿ ಬಂತು. ಪರೀಕ್ಷಕರು ಹೋಗಿ ಹೋಗಿ ಕಟ್ಟಕಡೆಯ ಬೆಂಚಿನಲ್ಲೇ, ಮಕ್ಕಳ ನಡುವೆ ಕುಳಿತರು. ಅಂದಿನ ಪಾಠ ದೋಣಿ. ಶಮೀಮಾ ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಒಂದೇ ಬೀಸಿನಲ್ಲಿ ಗೆರೆ ಎಳೆದಳು. ಚಾಕ್‌ಪೀಸ್ ಮುರಿಯಿತು, ತುಂಡಿನಲ್ಲೇ ಮುಗಿಸಿದಳು.

ಆಗ ಪರೀಕ್ಷಕರ ಪಕ್ಕದಲ್ಲಿದ್ದ, ಮೀನು ಹಿಡಿಯುವವರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರೇ, ಈ ದೋಣಿ ಮುಳುಗ್ತದೆ!”

“ಯಾಕೆ?”

“ಮೂತಿ ತಗ್ಗುಂಟು. ತೆರೆ ಬಂದ್ರೆ ನೀರೆಲ್ಲ ಒಳಗೆ. ನನ್ನಪ್ಪ ಇಂಥದಕ್ಕೆ ಹತ್ತುದೇ ಇಲ್ಲ.”

ತರಗತಿಯೆಲ್ಲ ಹೋ ಎಂದಿತು. ಮನೋರಮಾ ಟೀಚರ್ ಹಣೆಗೆ ಕೈಯಿಟ್ಟರು. ಶಮೀಮಾಳಿಗೆ ಮಾತ್ರ ಕುಣಿಯಬೇಕೆನಿಸಿತು. ಕಟ್ಟಕಡೆಯ ಬೆಂಚಿಗೆ ದೋಣಿಯಷ್ಟೇ ಅಲ್ಲ, ಅದರ ತಪ್ಪೂ ಕಂಡಿತ್ತು! “ಬಾ, ನೀನೇ ಎತ್ತರಿಸು” ಎಂದು ಚಾಕ್‌ಪೀಸಿನ ತುಂಡನ್ನು ಅವಳ ಕೈಗೆ ಕೊಟ್ಟಳು. ಹುಡುಗಿ ಮೂತಿ ಎತ್ತರಿಸಿದಳು. ಮಕ್ಕಳೆಲ್ಲ ತಮ್ಮ ತಮ್ಮ ದೋಣಿ ಬಿಡಿಸಲು ಹೊರಟರು. ಪರೀಕ್ಷಕರೂ ಗಡಿಯಾರ ನೋಡುವುದನ್ನು ಮರೆತು ಒಂದು ದೋಣಿ ಬಿಡಿಸುತ್ತಿದ್ದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸು! ಅಶ್ಕರ್ ಫೋನಿನಲ್ಲಿ, “ಇನ್ನು ನಿನ್ನನ್ನು ನಾನೂ ಟೀಚರೇ ಅಂತ ಕರೀಬೇಕಾ?” ಎಂದು ನಕ್ಕ.

ಬರುವ ಸೋಮವಾರ ವಿದ್ಯಾನಗರದ ಹತ್ತಿರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಸಂದರ್ಶನ ಉಂಟು. ಶಮೀಮಾ ಬೆಳಗ್ಗಿನ ಬಸ್ಸಿಗೆ ಹೋಗುತ್ತಾಳೆ.