ಕೈ ಬಿಸಿ

ಹಿರೇಹಳ್ಳಿಯ ನಮ್ಮ ಲ್ಯಾಬಿನಲ್ಲಿ ಮನುಷ್ಯರ ಜೀವಕೋಶಗಳಲ್ಲಿರುವ ರಿಸೆಪ್ಟರ್ ಎಂಬ ಪ್ರೊಟೀನನ್ನು ಬೇರೆ ಜೀವಕೋಶಗಳಲ್ಲಿ ತಯಾರಿಸಿ ಸಂಶೋಧನೆಗೆ ಕಳಿಸುತ್ತಿದ್ದೆವು. ನನ್ನ ಸೀನಿಯರ್ ಮೇಡಂ ಆ ಪ್ರೊಟೀನಿದ್ದ ಪುಟ್ಟ ಟ್ಯೂಬುಗಳನ್ನು ತುದಿಬೆರಳಲ್ಲಿ ಹಿಡಿದು ತಕ್ಷಣ ಐಸಿಗೆ ಇಳಿಸುತ್ತಿದ್ದರು. ನಾನು ಮುಷ್ಟಿಯಲ್ಲಿ ಹಿಡಿದರೆ ಸಿಡುಕುವರು: "ಕೈ ಬಿಸಿ ತಾಗಿಸ್ಬೇಡ ಕಣಮ್ಮ, ಕೆಟ್ಟೋಗುತ್ತೆ." ಕ್ಯಾಂಟೀನಿನ ಕಾಫಿ ಲೋಟವನ್ನೂ ಅವರು ಅಂಚಿನಲ್ಲೇ ಹಿಡಿಯುತ್ತಿದ್ದರು.

ಅವರ ಗಂಡ ತೀರಿಕೊಂಡ ದಿನ ಗುಬ್ಬಿಯ ಅವರ ಮನೆಗೆ ಹೋದೆ. ಗಂಡನ ಅಕ್ಕ ದೂರದಿಂದ ಬರಬೇಕಿತ್ತು. ಅದಕ್ಕೇ ದೇಹವನ್ನು ಫ್ರೀಜರ್ ಬಾಕ್ಸಿನಲ್ಲಿಟ್ಟಿದ್ದರು. ಮೂಲೆಯಲ್ಲಿ ಕೂತಿದ್ದ ಮೇಡಂ ಎದ್ದುಬಂದು, ಗಾಜಿನ ಮುಚ್ಚಳ ಸರಿಸಿ, ಗಂಡನ ಕೆನ್ನೆಗಳ ಮೇಲೆ ಎರಡೂ ಅಂಗೈ ಒತ್ತಿದರು.

"ಮುಚ್ಚಿ ಅತ್ಗೆ, ಅಕ್ಕ ಬರೋವರ್ಗೂ ತಣ್ಣಗಿರ್ಬೇಕು," ಎಂದು ಮೈದುನ ಗಾಬರಿಯಿಂದ ಹೇಳಿದ.

ಮೇಡಂ ಕೈ ತೆಗೆಯಲಿಲ್ಲ.

"ಬಿಸಿ ತಾಗ್ಲಿ ಬುಡಪ್ಪ," ಎಂದರು. "ಇನ್ನು ಕೆಡೋಕೇನಿದೆ?"