ಮೊಂಡುಬಾಲದ ಳ

ಮೊಳೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಶಾಲೆಯಲ್ಲಿ ಅಂಟಿಕೊಂಡದ್ದು. ಕೆಲಸ ಕೇಳಿಕೊಂಡು ಬಂದ ದಿನ ಹೆಡ್ ಮೇಡಂ, “ಮುಂಚೆ ಏನ್ ಮಾಡ್ತಿದ್ರಿ?” ಎಂದು ಕೇಳಿದರು. “ಮೂವತ್ತು ವರ್ಷ ಮೊಳೆ ಕೆಲಸ ಮೇಡಂ” ಎಂದ. ಅವನ ಲೆಕ್ಕದಲ್ಲಿ ಮೊಳೆ ಎಂದರೆ ಅಚ್ಚಿನ ಮೊಳೆ. ಮುದ್ರಣಾಲಯದಲ್ಲಿ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವುದು ಅವನ ಕಸುಬು. ಮೇಡಂ ಕಿವಿಗೆ ಬಿದ್ದದ್ದು ಗೋಡೆಗೆ ಹೊಡೆಯುವ ಮೊಳೆ. “ಒಳ್ಳೇದೇ ಆಯ್ತು, ವಿಜ್ಞಾನದ ಕೋಣೇಲಿ ಬೆಂಚೆಲ್ಲ ಅಲ್ಲಾಡ್ತವೆ, ನಾಳೆಯಿಂದ ಬನ್ನಿ” ಅಂದುಬಿಟ್ಟರು.

ಪುಣ್ಯಾತ್ಮ ಆಗಲಾದರೂ ಬಾಯಿ ಬಿಡಬಾರದೇ? ಬಿಡಲಿಲ್ಲ. ಮುದ್ರಣಾಲಯ ಬಾಗಿಲು ಹಾಕಿ ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿ ಹೊಲಿಗೆ ಯಂತ್ರ ತುಳಿಯುವ ಸದ್ದು ಕೇಳಿದರೆ ಸಾಕು, ಇವನಿಗೆ ನಾಚಿಕೆಯಾಗಿ ಎದ್ದು ಹೊರಗೆ ಹೋಗುತ್ತಿದ್ದ. ಮಾರನೆಯ ದಿನ ಸುತ್ತಿಗೆ ಎತ್ತಿದ, ಮೊದಲ ಏಟಿಗೇ ಹೆಬ್ಬೆರಳು ಜಜ್ಜಿಕೊಂಡ. ನಿಜ ಹೊರಬಿತ್ತು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಆಗಲಿ, ಸಾಮಾನು ಒರೆಸಿ ಜೋಡಿಸೋದಾದ್ರೂ ಬರತ್ತಲ್ಲ” ಎಂದು ವಿಜ್ಞಾನದ ಕೋಣೆಗೇ ಹಾಕಿದರು. ಹುಡುಗಿಯರು ಸುಮ್ಮನಿರುತ್ತಾರೆಯೇ? ಸಂಜೆಯೊಳಗೆ ಅವನು ಮೊಳೆಯಪ್ಪ, ಎದುರಿಗೆ ಸಿಕ್ಕರೆ ಮೊಳೆ ಮಾಮ.

ಅವನು ಇನ್ನೂ ಒಂದು ಗುಟ್ಟು ಇಟ್ಟುಕೊಂಡಿದ್ದ. ಸೂಚನಾ ಫಲಕದಲ್ಲಿ ಮೇಡಂ ಕೈಬರಹ ಕಂಡ ಗಳಿಗೆಗೇ ಗುರುತು ಹಿಡಿದಿದ್ದ. ಹಸಿರು ಶಾಯಿ! ಇದೇ ಶಾಲೆಯ ವಾರ್ಷಿಕ ಸಂಚಿಕೆ ವರ್ಷ ವರ್ಷವೂ ಅವನ ಮುದ್ರಣಾಲಯದಲ್ಲೇ ಅಚ್ಚಾಗುತ್ತಿತ್ತು. ಕರಡು ತಿದ್ದುತ್ತಿದ್ದ ಕನ್ನಡದ ಮೇಷ್ಟ್ರಮ್ಮ ಇವರೇ. ಅವರ ಮುಖವನ್ನು ಮುದ್ರಣಾಲಯದಲ್ಲಿ ಯಾರೂ ಕಂಡಿರಲಿಲ್ಲ, ಆದರೆ ಹಸಿರು ಶಾಯಿಗೆ ಎಲ್ಲರೂ ನಡುಗುತ್ತಿದ್ದರು. ಒಂದು ಅಲ್ಪವಿರಾಮ ಸೊಟ್ಟಗಿದ್ದರೂ ಬಿಡದ ಕಣ್ಣು. ತಪ್ಪೆಂದು ಗುರುತು ಹಾಕಿ, ಆಮೇಲೆ ಮನಸ್ಸು ಬದಲಾಯಿಸಿದರೆ ಪಕ್ಕದಲ್ಲಿ ‘ಇರಲಿ’ ಎಂದು ಬರೆಯುವುದು ಕರಡು ತಿದ್ದುವವರ ರೂಢಿ. ಹಸಿರು ಶಾಯಿಯಲ್ಲಿ ಆ ಪದ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ವಿಜ್ಞಾನದ ಕೋಣೆಯಲ್ಲಿ ಆರು ಸೂಕ್ಷ್ಮದರ್ಶಕಗಳಿದ್ದವು. ಪಾಠ ಹೇಳುವ ಟೀಚರಿಗೆ ಇನ್ನೂ ಚಿಕ್ಕ ವಯಸ್ಸು, ಕೈತುಂಬ ಕೆಲಸ. ಗಂಟೆ ಹೊಡೆಯುವುದರೊಳಗೆ ಆರರಲ್ಲೂ ಸ್ಲೈಡು ಇಟ್ಟು, ಚಿತ್ರ ಸ್ಪಷ್ಟವಾಗಿ ಕಾಣುವಂತೆ ಮಾಡಿಡುವುದು ಮೊಳೆಯಪ್ಪನ ಪಾಲಿಗೆ ಬಂತು. ಒಂದು ವಾರದಲ್ಲಿ ಎರಡು ಗಾಜು ಪುಡಿ ಮಾಡಿದ. ಎರಡನೆಯದು ಟೀಚರು ಕಷ್ಟಪಟ್ಟು ಮಾಡಿದ್ದ ಈರುಳ್ಳಿ ಸಿಪ್ಪೆಯ ಸ್ಲೈಡು.

ತಪ್ಪು ಅವನದಲ್ಲ, ಅವನ ಕೈಯದು. ಜೋಡಿಸಿದ ಪುಟವನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿ ಬಿಗಿ ಮಾಡಬೇಕು. ಬಿಗಿಯಾಗದಿದ್ದರೆ ಪುಟವೆಲ್ಲ ಸುರಿದುಹೋಗುತ್ತದೆ. ಹಾಗಾಗಿ ತಿರುಪು ಕಂಡರೆ ಬಿಗಿಯಾಗುವ ತನಕ ತಿರುಗಿಸುವುದು ಆ ಕೈಗೆ ಹುಟ್ಟುಗುಣದಂತಾಗಿತ್ತು. ಕಣ್ಣು ಮೇಲಿಟ್ಟು ದೊಡ್ಡ ತಿರುಪನ್ನು ಬಿಗಿದೇ ಬಿಗಿದ. ಉದ್ದನೆಯ ಮಸೂರ ಇಳಿದು ಗಾಜಿನ ಮೇಲೆ ಕೂತಿತು, ಟಕ್!

ಮೇಡಂ ಕರೆಸಿದರು. “ನೋಡ್ರಿ, ಈ ಕೋಣೆ ನಿಮಗೆ ಆಗಿಬರಲ್ಲ ಅನ್ಸತ್ತೆ. ಶನಿವಾರ ಎಂಟನೇ ಕ್ಲಾಸಿಗೆ ಅಕ್ಷರದ ಸ್ಲೈಡು ಇದೆಯಂತೆ, ನಾನೇ ಬಂದು ನೋಡ್ತೀನಿ. ಸರಿಯಾಗಿ ಇಟ್ರೆ ಸರಿ, ಇಲ್ದಿದ್ರೆ ಸೋಮವಾರದಿಂದ ಗೇಟಿಗೆ ಹೋಗಿ ಕೂತ್ಕೊಳ್ಳಿ.”

ಗೇಟಿನಲ್ಲೂ ಸಂಬಳ ಅಷ್ಟೇ. ಆದರೆ ಅಲ್ಲಿ ಕೈಗೂ ಕೆಲಸವಿಲ್ಲ, ಕಣ್ಣಿಗೂ ಕೆಲಸವಿಲ್ಲ. ಹದಿನಾಲ್ಕು ತಿಂಗಳು ಹಾಗೆ ಕೂತು ನೋಡಿದ್ದ. ಮತ್ತೆ ಹಾಗೆ ಕೂರುವುದು ಅವನಿಗೆ ಬೇಡವಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, “ಏನ್ರೀ, ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?” ಹೇಳಿದ. “ಟೀಚರಮ್ಮನ್ನ ಕೇಳ್ಬಾರ್ದಾ?” “ನಾಚಿಕೆ ಆಗತ್ತೆ ಕಣೇ.” “ಗಾಜು ಒಡೆಯೋಕಿಲ್ಲದ ನಾಚಿಕೆ ಕೇಳೋಕೆ ಬಂತೇನು! ಕ್ಲಾಸಲ್ಲಿ ಹುಡುಗೀರ ಜೊತೆ ಕೂತು ಕಲೀರಿ. ಕಲಿಯೋಕೆ ಬಂದೋರಿಗೆ ವಯಸ್ಸು ಯಾರು ಕೇಳ್ತಾರೆ?”

ಹಾಗೆ ಅವನು ಎಂಟನೇ ತರಗತಿಯ ಕೊನೆಯ ಬೆಂಚಿಗೆ ಬಂದ. ಅಲ್ಲಿದ್ದವಳು ರೇಡಿಯೋ. ಬಾಯಿ ಮುಚ್ಚದ ಹುಡುಗಿ ಎಂದು ಟೀಚರೇ ಇಟ್ಟ ಹೆಸರು. ಕಲಿಸಲು ಒಬ್ಬರು ಸಿಕ್ಕಿದ್ದು ಅವಳಿಗೆ ಹಬ್ಬ.

“ಮೊದಲು ಗಿಡ್ಡ ಮಸೂರ ಇಟ್ಕೊಳ್ಳಿ ಮಾಮ. ಕನ್ನಡೀನ ಕಿಟಕಿ ಕಡೆ ತಿರುಗಿಸಿ. ಹಾಂ, ಈಗ ನೋಡಿ, ಏನ್ ಕಾಣತ್ತೆ?”

“ಕಂಬಳಿಹುಳ.”

“ಅಯ್ಯೋ ಅದು ನಿಮ್ಮ ರೆಪ್ಪೆ!” ಇಡೀ ಬೆಂಚು ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ.

“ಇಳಿಸೋವಾಗ ಪಕ್ಕದಿಂದ ನೋಡ್ಬೇಕು. ಒಳಗಡೆ ನೋಡ್ತಾ ಏರಿಸ್ಬೇಕು. ಇಳಿಸ್ತಾ ಒಳಗೆ ನೋಡಿದ್ರೆ ಗಾಜು ಢಂ.”

“ಬಿಗಿ ಮಾಡೋದು ಯಾವಾಗ?”

“ಬಿಗಿ ಮಾಡೋದೇ ಇಲ್ಲ ಮಾಮ!”

ಮೂರು ದಿನ ಅವನ ಕೈಗೂ ಅವನಿಗೂ ಜಗಳ. ನಾಲ್ಕನೆಯ ದಿನ ಕೈ ಸೋತಿತು.

ಅಕ್ಷರವನ್ನು ದಿನಪತ್ರಿಕೆಯಿಂದ ಕತ್ತರಿಸಿಕೊಳ್ಳಿ ಎಂದಿದ್ದರು ಟೀಚರು. ಅವನಿಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ರಟ್ಟು ಕಳಚಿದ್ದ ಹಳೆಯ ಸಂಚಿಕೆಯೊಂದಿತ್ತು, ಅದರ ಒಂದು ಹಾಳೆ ತಂದ. ‘ಮಕ್ಕಳ ಪುಟ’ ಎಂಬ ತಲೆಬರಹ ಹಾಳೆಯ ಮುಂಬದಿಯಲ್ಲಿ ಮೇಲೊಂದು, ಹಿಂಬದಿಯಲ್ಲಿ ಕೆಳಗೊಂದು ಇತ್ತು, ಒಂದು ಬದಿ ಅಚ್ಚಾದ ಮೇಲೆ ಅವೇ ಮೊಳೆಗಳಿಂದ ಇನ್ನೊಂದನ್ನೂ ಅವನೇ ಜೋಡಿಸಿದ್ದು. ಮೇಲಿನದರಿಂದ ಳ ಕತ್ತರಿಸಿ, ನೀರಿನ ಹನಿಯಲ್ಲಿ ಇಟ್ಟು, ತೆಳುಗಾಜು ಮುಚ್ಚಿ, ಪಕ್ಕದಿಂದ ನೋಡುತ್ತ ಇಳಿಸಿದ. ಒಳಗೆ ನೋಡುತ್ತ ಏರಿಸಿದ. ಮಸುಕು ಸರಿದು ಳ ಎದ್ದು ಬಂತು, ಬಾಲ ಮೇಲಕ್ಕೆ ಮಾಡಿಕೊಂಡು.

ತಲೆಕೆಳಗಾದದ್ದು ಅವನಿಗೆ ದೊಡ್ಡದಲ್ಲ. ಮೊಳೆ ಜೋಡಿಸುವವರು ಜೀವಮಾನವೆಲ್ಲ ತಲೆಕೆಳಗೆ ಓದಿದವರೇ. ಆದರೆ ಮೊಳೆಯ ಸಾಲಿನಲ್ಲಿ ಎಡ ಎಡವೇ, ಬಲ ಬಲವೇ. ಇಲ್ಲಿ ಎಡಬಲವೂ ಅದಲುಬದಲು. ಸ್ಲೈಡನ್ನು ಬಲಕ್ಕೆ ತಳ್ಳಿದರೆ ಅಕ್ಷರ ಎಡಕ್ಕೆ ಓಡಿತು. “ಎಲಾ ಇದರ!” ಎಂದ. ಆಮೇಲೆ ಕಣ್ಣು ಬಾಲದ ತುದಿಗೆ ಹೋಗಿ ಅಲ್ಲೇ ನಿಂತಿತು.

ಬಾಲ ಮೊಂಡು. ತುದಿಯ ಒಂದು ಚೂರು ಇಲ್ಲ. ಮುದ್ರಣಾಲಯಕ್ಕೆ ಸೇರಿದ ಹೊಸತರಲ್ಲಿ ಅವನ ಕೈಯಿಂದ ನೆಲಕ್ಕೆ ಬಿದ್ದ ಳ ಅದು! ಮುಕ್ಕಾದ ಮೊಳೆಯನ್ನು ಕರಗಿಸುವ ಡಬ್ಬಕ್ಕೆ ಹಾಕಬೇಕೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಇವನು ಬೈಗುಳಕ್ಕೆ ಹೆದರಿ ಮೊಳೆಗಳ ಗೂಡಿಗೇ ಮತ್ತೆ ಸೇರಿಸಿದ್ದ. ಒಂದಕ್ಕಿಂತ ಹೆಚ್ಚಿದ್ದರೆ ‘ಗಳ, ಗಳ’ ಎನ್ನುವ ಭಾಷೆ ನಮ್ಮದು, ಳ ಎಷ್ಟಿದ್ದರೂ ಸಾಲದು. ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಅದು ದುಡಿಯಿತು. ಅವನು ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದ.

“ಏನಾಯ್ತು ಮಾಮ?” ಎಂದಳು ರೇಡಿಯೋ.

“ಹಳೇ ಪರಿಚಯದವರು ಸಿಕ್ಕಿದ್ರು” ಎಂದ.

ಶನಿವಾರ ಮೇಡಂ ಬಂದರು. ಮೊಳೆಯಪ್ಪ ಅದೇ ಅಕ್ಷರಕ್ಕೆ ಹೊಸ ಹನಿ ಬಿಟ್ಟು ಸ್ಲೈಡು ಇಟ್ಟು, ಕೈ ಒರೆಸಿಕೊಂಡು ಪಕ್ಕಕ್ಕೆ ನಿಂತ. ಮೇಡಂ ಬಗ್ಗಿ ನೋಡಿದರು, ಹುಬ್ಬು ಗಂಟಿಕ್ಕಿತು.

“ಏನ್ರೀ ಇದು? ಅಕ್ಷರ ತಲೆಕೆಳಗಾಗಿದೆ! ಸ್ಲೈಡು ಉಲ್ಟಾ ಇಟ್ಟಿದೀರಿ.”

ಟೀಚರು ಪಕ್ಕದ ಕೋಣೆಗೆ ಸೀಮೆಸುಣ್ಣ ತರಲು ಹೋಗಿದ್ದರು. ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು. ರೇಡಿಯೋ ಕೂಡ ಬಂದ್. ಮೊಳೆಯಪ್ಪನ ಬೆರಳು ಸ್ಲೈಡಿನ ಅಂಚಿಗೆ ಹೋಯಿತು. ಅರ್ಧ ಸುತ್ತು ತಿರುಗಿಸಿಟ್ಟರೆ ಅಕ್ಷರ ನೆಟ್ಟಗೆ ಕಾಣುತ್ತದೆ, ಮೇಡಂಗೆ ಸಮಾಧಾನ, ಕೆಲಸವೂ ಉಳಿಯುತ್ತದೆ. ದೊಡ್ಡವರ ಮಾತಿಗೆ ಎದುರಾಡಿ ಉದ್ಧಾರವಾದವರು ಯಾರು? ಆದರೆ ನಲವತ್ತು ಹುಡುಗಿಯರು ಪುಸ್ತಕ ತೆರೆದು ಕೂತಿದ್ದರು, ಕಂಡದ್ದನ್ನು ಬರೆಯಲು. ಬೆರಳು ಹಿಂದಕ್ಕೆ ತೆಗೆದ.

“ಸರಿಯಾಗೇ ಇದೆ ಮೇಡಂ. ಇದರಲ್ಲಿ ಕಾಣೋದೇ ಹಾಗೆ.”

“ನನಗೆ ಅಕ್ಷರ ಓದೋಕೆ ಬರಲ್ವೇನ್ರೀ?”

“ಅದೇ ಮೇಡಂ. ನೀವು ಓದ್ತಾ ಇದೀರಿ. ನಮ್ಮ ಮೇಸ್ತ್ರಿ ಹೇಳ್ತಿದ್ರು, ಓದ್ಬೇಡ, ನೋಡು, ಓದಿದ್ರೆ ತಪ್ಪು ಕಾಣಲ್ಲ ಅಂತ. ಸ್ಲೈಡನ್ನ ಒಂಚೂರು ಬಲಕ್ಕೆ ತಳ್ಳಿ ನೋಡಿ.”

ಮೇಡಂ ತಳ್ಳಿದರು. “ಅರೆ, ಎಡಕ್ಕೆ ಹೋಯ್ತು!” ಎಂದರು. ಮತ್ತೆ ತಳ್ಳಿದರು. ಆಮೇಲೆ ಬಹಳ ಹೊತ್ತು ತಲೆ ಎತ್ತಲಿಲ್ಲ.

“ಇದರ ಬಾಲದ ತುದಿ ಮುಕ್ಕಾಗಿದೆಯಲ್ಲ?”

“ಹೌದು ಮೇಡಂ. ಅದನ್ನ ಬೀಳಿಸಿದ್ದು ನಾನೇ.” ಹಾಳೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. “ಯಾರಿಗೂ ಹೇಳದೆ ಮತ್ತೆ ಗೂಡಿಗೆ ಹಾಕ್ದೆ. ನಿಮ್ಮ ಸಂಚಿಕೇಲಿ ವರ್ಷಾ ವರ್ಷಾ ಬಂದಿದೆ.”

ಮೇಡಂ ಹಾಳೆ ನೋಡಿದರು, ಅವನ ಮುಖ ನೋಡಿದರು. “ಇದರ ಕರಡು ತಿದ್ದಿದ್ದು ನಾನು ಕಣ್ರೀ! ಒಂದ್ಸಲಾನೂ ಕಾಣಲಿಲ್ಲವಲ್ಲ ನನಗೆ?”

“ಆಗ ನೀವು ಓದ್ತಿದ್ರಿ ಮೇಡಂ.”

ಮೇಡಂ ಪೆನ್ನು ತೆಗೆದರು. ಹಾಳೆಯನ್ನು ಮಗುಚಿ, ಕೆಳಗಡೆ ಉಳಿದಿದ್ದ ಇನ್ನೊಂದು ‘ಮಕ್ಕಳ ಪುಟ’ದ ಳ ಸುತ್ತ ಹಸಿರು ಶಾಯಿಯಲ್ಲಿ ಗುಂಡಗೆ ಒಂದು ಗೆರೆ ಎಳೆದರು. ಮೊಳೆಯಪ್ಪನಿಗೆ ಗೇಟು ಕಣ್ಣ ಮುಂದೆ ಬಂತು. ಮೇಡಂ ಆ ಳ ಕಡೆಗೆ ಮತ್ತೊಮ್ಮೆ ನೋಡಿದರು, ಅಂಚಿನಲ್ಲಿ ಏನೋ ಬರೆದು ಹಾಳೆಯನ್ನು ಅವನ ಕಡೆಗೆ ಸರಿಸಿದರು, ಹುಡುಗಿಯರಿಗೆ “ಕಂಡಿದ್ದನ್ನೇ ಬರೀರಿ” ಎಂದು ಹೇಳಿ ಹೊರಟುಹೋದರು.

ಹಾಳೆ ಅವನಿಗೆ ತಲೆಕೆಳಗಾಗಿ ಬಂದಿತ್ತು. ತಿರುಗಿಸುವ ಅಗತ್ಯ ಬೀಳಲಿಲ್ಲ. ‘ಇರಲಿ’ ಎಂದಿತ್ತು.