ಮನುಷ್ಯರಿಲ್ಲದ ಕೋಟೆಗಳು

ಮೊನ್ನೆ ಕಾರಿನ ಬ್ರೇಕು ತೋರಿಸಲೆಂದು ಪಂಗಾನಿ ಬಡಾವಣೆಯ ಗ್ಯಾರೇಜಿಗೆ ಹೋಗಿದ್ದೆ. ನೈರೋಬಿಯಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟವು. ನನ್ನದೂ ಅದೇ ಜಾತಿಯದು. ಗ್ರೀಸಿನ ವಾಸನೆಯ ನಡುವೆ ಒಂದು ಮುರುಕು ಕುರ್ಚಿಯಲ್ಲಿ ಕೂತು ಗೋಡೆಯ ಕಡೆ ನೋಡಿದರೆ, ಬಿಡಿಭಾಗದ ಅಂಗಡಿಯವರು ಹಂಚಿದ ಕ್ಯಾಲೆಂಡರು. ಅದರಲ್ಲಿ ಕಪ್ಪು ಮರದ ಗೋಡೆಯ, ಒಂದರ ಮೇಲೊಂದು ಚಾವಣಿ ಹೊತ್ತ ಕೋಟೆ. ಕೆಳಗೆ ಅಲುಗಾಡದ ನೀರು. "ಮತ್ಸುಮೊತೊ" ಎಂದೆ, ಸ್ವಲ್ಪ ಜೋರಾಗಿಯೇ. ಕಾರಿನಡಿಯಿಂದ ಮೆಕ್ಯಾನಿಕ್ ತಲೆ ಹೊರಹಾಕಿ, "ಸವಾ, ಮ್ಜೇ?" ಸರಿನಾ ಯಜಮಾನ್ರೇ, ಎಂದು ಸ್ವಾಹಿಲಿಯಲ್ಲಿ ಕೇಳಿದ. ಎಲ್ಲ ಸರಿಯಾಗಿದೆಯಪ್ಪ, ಸವಾ, ಎಂದೆ.

ನಾನು ಜಪಾನಿಗೆ ಹೋದವನಲ್ಲ. ಮೈಸೂರು ಬಿಟ್ಟು ನೈರೋಬಿಗೆ ಬಂದು ಮೇಷ್ಟರಾದದ್ದೇ ನನ್ನ ಜೀವಮಾನದ ದೇಶಪರ್ಯಟನೆ. ಆದರೂ ಅಲ್ಲಿನ ಕೋಟೆಗಳನ್ನು ಹಿತ್ತಲ ಕಡೆಯಿಂದ ತೋರಿಸಿದರೂ ಹೆಸರು ಹೇಳಬಲ್ಲೆ. ಇದಕ್ಕೆಲ್ಲ ನರಹರಿರಾಯರೇ ಕಾರಣ.

ಎಂಬತ್ತರ ದಶಕದಲ್ಲಿ ಪಂಗಾನಿಯಲ್ಲಿ ನಮ್ಮದೂ ಅವರದೂ ಎದುರುಬದುರು ಮನೆ. ರಾಯರು ಸಿವಿಲ್ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ತರಬೇತಿಗೆಂದು ಎರಡು ಸಲ, ಪ್ರತಿ ಸಲವೂ ಹಲವು ತಿಂಗಳು, ಜಪಾನಿನಲ್ಲಿದ್ದು ಬಂದಿದ್ದರು. ಕಲಿತು ಬಂದದ್ದು ಏನೋ ನನಗೆ ಗೊತ್ತಿಲ್ಲ. ತಂದದ್ದು ಮಾತ್ರ ಪೆಟ್ಟಿಗೆಗಟ್ಟಲೆ ಸ್ಲೈಡುಗಳು. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಕೋಟೆ ನೋಡಲು ಹೋಗುತ್ತಿದ್ದರಂತೆ. ಬೆಂಕಿಗೋ ಯುದ್ಧಕ್ಕೋ ತುತ್ತಾಗಿ ಮತ್ತೆ ಕಾಂಕ್ರೀಟಿನಲ್ಲಿ ಕಟ್ಟಿದ ಕೋಟೆಗಳನ್ನು ಕಂಡರೆ ಅವರಿಗೆ ಆಗದು. "ಅದರೊಳಗೆ ಲಿಫ್ಟ್ ಇದೆ ಕಣ್ರೀ. ಕೋಟೆಗೆ ಲಿಫ್ಟು," ಎಂದು ಮುಖ ಸಿಂಡರಿಸುತ್ತಿದ್ದರು. ವಾರವಿಡೀ ಹುಡುಗರಿಗೆ ಕಾಂಕ್ರೀಟಿನ ಗುಣಗಾನ ಮಾಡಿ ಭಾನುವಾರ ಅದನ್ನೇ ಬೈಯುವ ಮನುಷ್ಯ.

ಭಾನುವಾರ ಸಂಜೆ ಅವರ ಮನೆಯಲ್ಲಿ ಪ್ರದರ್ಶನ. ಗೋಡೆಗೆ ಅವರ ಮದುವೆಯ ಜರಿಪಂಚೆ ಕಟ್ಟುತ್ತಿದ್ದರು. ಹಿಮೆಜಿಯ ಬಿಳಿ ಕೋಟೆಯ ಮೇಲಿನ ಆಕಾಶದಲ್ಲಿ ಯಾವಾಗಲೂ ಒಂದು ಜರಿ ಅಂಚು ಇರುತ್ತಿತ್ತು. ಪ್ರೊಜೆಕ್ಟರಿನ ಬಲ್ಬಿಗೆ ಧೂಳು ಸುಟ್ಟ ವಾಸನೆ, ಒಳಗಿನಿಂದ ಅವರ ಹೆಂಡತಿ ಸುಮಿತ್ರಮ್ಮ ಕರಿಯುವ ಬೋಂಡದ ವಾಸನೆ. ಯಾವುದಕ್ಕಾಗಿ ಹೋಗುತ್ತಿದ್ದೆ ಎಂದು ನೀವು ಕೇಳಬಾರದು. ಕತ್ತಲಲ್ಲಿ ನಾನು ತೂಕಡಿಸುತ್ತಿದ್ದೆ, ನನ್ನವಳು ಮೊಣಕೈಯಿಂದ ತಿವಿಯುತ್ತಿದ್ದಳು, ಎಚ್ಚರಾದ ಕೂಡಲೇ ನಾನು "ಆಹಾ" ಎನ್ನುತ್ತಿದ್ದೆ.

ರಾಯರ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ. ಪ್ರವಾಸಿಗಳೆಲ್ಲ ಚದುರುವ ತನಕ ಗಂಟೆಗಟ್ಟಲೆ ಕಾಯುತ್ತಿದ್ದರಂತೆ. "ನಿಮ್ದೊಂದು ಫೋಟೋ ತೆಗೆಸ್ಕೋಬಾರದಾ ಅಲ್ಲಿ?" ಎಂದು ನಾನು ಒಮ್ಮೆ ಕೇಳಿದೆ. "ಮುಂದೆ ಮನುಷ್ಯ ನಿಂತ್ರೆ ಅದು ಕೋಟೆ ಫೋಟೋ ಅಲ್ಲ, ಮದುವೆ ಫೋಟೋ," ಎಂದರು.

ಒಂದು ಸ್ಲೈಡು ಮಾತ್ರ ಅವರು ತೋರಿಸುತ್ತಿರಲಿಲ್ಲ. ಮತ್ಸುಮೊತೊ ಬಂದಾಗ ನಡುವೆ ಒಮ್ಮೆ ಲೆನ್ಸಿಗೆ ಅಂಗೈ ಅಡ್ಡ ಹಿಡಿದು, "ಇದು ವೇಸ್ಟು, ರೀಲು ಹಾಕೋವಾಗ ಬಟನ್ ಒತ್ತಿಹೋಗಿದ್ದು," ಎಂದು ಮುಂದಕ್ಕೆ ತಳ್ಳುತ್ತಿದ್ದರು. ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಫಿಲಂ ದುಬಾರಿ ಕಾಲ ಅದು.

ಇನ್ನೊಂದು ವಿಚಾರ ಹೇಳಬೇಕು. ಭೀಮನ ಅಮಾವಾಸ್ಯೆಯ ದಿನ ಸುಮಿತ್ರಮ್ಮ ತಟ್ಟೆ, ನೀರು, ಅರಿಸಿನ ಕುಂಕುಮ ಹಿಡಿದು ಗಂಡನ ಪಾದಪೂಜೆಗೆ ಬರುತ್ತಿದ್ದರು. ರಾಯರು ಕಾಲೆರಡನ್ನೂ ಸೋಫಾದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. "ಬೇಡ ಕಣೇ, ನಾಚಿಕೆ ಆಗುತ್ತೆ." ಕೆಲವು ವರ್ಷ ಆಕೆ ಸ್ನಾನ ಮುಗಿಸುವುದರೊಳಗೆ ಮಟಾಟು ವ್ಯಾನು ಹತ್ತಿ ಕಾಲೇಜಿಗೇ ಹೋಗಿಬಿಡುತ್ತಿದ್ದರು. ಆಕೆ ನಮ್ಮ ಮನೆಗೆ ಬಂದು, "ಈ ವರ್ಷವೂ ತಪ್ಪಿಸ್ಕೊಂಡ್ರು," ಎಂದು ನಗುತ್ತಿದ್ದರು. ಆ ನಗೆಯಲ್ಲಿ ಬೇಸರವೂ ಇರುತ್ತಿತ್ತು.

ತೊಂಬತ್ತರ ದಶಕದ ಒಂದು ಜುಲೈ. ಬಿಸಿಲು ಕಾಣದೆ ವಾರವಾಗಿತ್ತು. ನೈರೋಬಿಯ ಆ ಬೂದಿ ಬಣ್ಣದ ಚಳಿ ಗೊತ್ತಿದ್ದವರಿಗೆ ಗೊತ್ತು. ಪಾಠ ಮಾಡುತ್ತಿದ್ದ ರಾಯರು ಬೋರ್ಡಿನ ಮುಂದೆಯೇ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವೈಕುಂಠ ಸಮಾರಾಧನೆಗೆ ಹಾರ ಹಾಕಿ ಇಡಲು ಫೋಟೋ ಬೇಕಿತ್ತು. ಮನೆಯಲ್ಲಿ ಅವರ ಈಚಿನ ಒಂದು ಫೋಟೋವೂ ಇರಲಿಲ್ಲ. ಮದುವೆಯ ಚಿತ್ರದಲ್ಲಿದ್ದವನು ತಲೆತುಂಬ ಕೂದಲಿನ ಒಬ್ಬ ಹುಡುಗ. ಮಗಳು ವೀಣಾಳೇ, "ದಟ್ಸ್ ನಾಟ್ ಅಪ್ಪ," ಎಂದು ಬದಿಗಿಟ್ಟಳು. ಪಾಸ್‌ಪೋರ್ಟಿನ ಚಿತ್ರವನ್ನು ಪೇಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದೆ. ಕೆನ್ನೆಯ ಮೇಲೆ ಸರ್ಕಾರದ ಮೊಹರೂ ದೊಡ್ಡದಾಗಿ ಬಂತು. ಸುಮಿತ್ರಮ್ಮ ಅದನ್ನು ಬಹಳ ಹೊತ್ತು ನೋಡಿದರು.

"ಇದು ಅವರ ಮುಖ ಅಲ್ಲ. ಕ್ಯೂನಲ್ಲಿ ನಿಂತಿರೋರ ಮುಖ," ಎಂದರು. "ನಂಗೆ ಅವರು ಮರೆತುಹೋಗ್ತಾರೆ ಅಂತ ಭಯ ಆಗ್ತಿದೆ. ಅಷ್ಟೊಂದು ಫೋಟೋ ತೆಗೆದಿದಾರಲ್ಲ, ಒಂದ್ರಲ್ಲಾದ್ರೂ ಇರ್ತಾರೆ. ಹುಡುಕಿಕೊಡಿ."

ಮರುದಿನ ಮಧ್ಯಾಹ್ನ ಪರದೆ ಎಳೆದು, ಅದೇ ಜರಿಪಂಚೆ ಕಟ್ಟಿ ನಾನು ಪ್ರೊಜೆಕ್ಟರಿನ ಹಿಂದೆ ಕೂತೆ. ಅಂದು ತೂಕಡಿಸಲಿಲ್ಲ. ಹಿಮೆಜಿ, ಹಿಕೊನೆ, ಮತ್ಸುಎ. ಕಲ್ಲಿನ ಗೋಡೆ, ಕಂದಕ, ಖಾಲಿ ಸೇತುವೆ. ಸುಮಿತ್ರಮ್ಮ ಪ್ರತಿ ಚಿತ್ರದ ಮೂಲೆಮೂಲೆಯನ್ನೂ ನೋಡಿ "ಮುಂದೆ" ಎನ್ನುತ್ತಿದ್ದರು. ಪೆಟ್ಟಿಗೆಗಳು ಖಾಲಿಯಾಗುತ್ತಾ ಬಂದಂತೆ ಆ ಧ್ವನಿ ಸಣ್ಣದಾಗುತ್ತಿತ್ತು. ನನಗೆ ರಾಯರ ಮೇಲೆ ಸಿಟ್ಟು ಬಂತು. ಇಡೀ ದೇಶದ ಜನರನ್ನು ಚಿತ್ರದಿಂದ ಹೊರಗಿಟ್ಟು, ಕೊನೆಗೆ ತಾವೂ ಹೊರಗೇ ಉಳಿದಿದ್ದರು.

ಮತ್ಸುಮೊತೊ ಬಂತು. ಆ ವೇಸ್ಟು ಸ್ಲೈಡೂ ಬಂತು. ಅಡ್ಡ ಹಿಡಿಯಲು ಈಗ ಅಂಗೈ ಇರಲಿಲ್ಲ.

ಕೋಟೆಯ ಒಳಗಿನ ಕಡಿದಾದ ಮರದ ಮೆಟ್ಟಿಲು, ಸವೆದು ನುಣುಪಾದದ್ದು. ಅಂಥ ಕೋಟೆಗಳಲ್ಲಿ ಬೂಟು ಕಳಚಿ ಚೀಲದಲ್ಲಿ ಹಿಡಿದುಕೊಂಡು ಹತ್ತಬೇಕಂತೆ. ಮೆಟ್ಟಿಲ ಮೇಲೆ ಬೂಟಿನ ಚೀಲ, ಅದರ ಪಕ್ಕದಲ್ಲಿ ಎರಡು ಕಾಲು. ಬೂದು ಬಣ್ಣದ ಕಾಲುಚೀಲ. ಎಡಗಾಲಿನ ಹೆಬ್ಬೆರಳ ಮೇಲೆ ಕೆಂಪು ಉಲ್ಲನ್ನಿನ ತೇಪೆ.

"ನಿಲ್ಸಿ."

ಸುಮಿತ್ರಮ್ಮ ಎದ್ದು ಗೋಡೆಯ ಹತ್ತಿರ ಹೋದರು. "ವೀಣಾನ ಸ್ಕೂಲ್ ಸ್ವೆಟರಿನ ನೂಲು ಅದು. ಬೂದು ಬಣ್ಣದ್ದು ಮುಗಿದಿತ್ತು. ಇದನ್ನ ಹಾಕ್ಕೋಬೇಡಿ, ಅಲ್ಲಿ ಜನ ನಗ್ತಾರೆ ಅಂದಿದ್ದೆ." ಪಂಚೆಯ ಮೇಲಿನ ಆ ತೇಪೆಯನ್ನು ಮುಟ್ಟಿದರು. ಬೆಳಕು ಅವರ ಕೈಮೇಲೆ ಬಿತ್ತು. "ಇದನ್ನೇ ದೊಡ್ಡದು ಮಾಡಿಸಿ."

"ಅಮ್ಮಾ, ಯೂ ಕಾಂಟ್ ಹ್ಯಾಂಗ್ ಸಾಕ್ಸ್," ಎಂದಳು ವೀಣಾ. ಅವಳ ಕಣ್ಣು ತುಂಬಿತ್ತು. "ಪೀಪಲ್ ವಿಲ್ ಲಾಫ್."

"ನಗ್ಲಿ. ಬಂದವರು ನಮಸ್ಕಾರ ಮಾಡೋದು ಕಾಲಿಗೆ ತಾನೆ?"

ಯಾರೂ ನಗಲಿಲ್ಲ. ಹದಿಮೂರನೇ ದಿನ ಬೆಂಗಳೂರಿನ ಡಾಕ್ಟರು, ಮಂಗಳೂರಿನ ಕೊಂಕಣಿ ಕುಟುಂಬ, ರಾಯರ ಕಾಲೇಜಿನ ಕಿಕುಯು ಮೇಷ್ಟರುಗಳು ಎಲ್ಲರೂ ಆ ಚಿತ್ರದ ಮುಂದೆ ತಲೆಬಾಗಿದರು. ಎಲ್ಲರಿಗಿಂತ ಮೊದಲು ಸುಮಿತ್ರಮ್ಮ ಗಾಜಿನ ಮೇಲೆ, ಎರಡು ಪಾದಕ್ಕೂ ಕುಂಕುಮವಿಟ್ಟು ಹೂವು ಏರಿಸಿದ್ದರು. ಪಕ್ಕದಲ್ಲಿ ನಿಂತಿದ್ದ ನನ್ನವಳಿಗೆ ಮಾತ್ರ ಕೇಳುವಂತೆ, "ಈ ಸಲ ಕಾಲು ಎಳ್ಕೊಳ್ಳೋ ಹಾಗಿಲ್ಲ," ಎಂದರಂತೆ.

ಈಗ ಸುಮಿತ್ರಮ್ಮನೂ ಇಲ್ಲ. ಅವರ ಮನೆಯಿದ್ದ ಜಾಗದಲ್ಲಿ ಫ್ಲಾಟುಗಳು ಎದ್ದಿವೆ, ಕಾಂಕ್ರೀಟಿನವು, ಲಿಫ್ಟು ಇರುವಂಥವು.

ಬ್ರೇಕು ಸರಿಯಾದ ಮೇಲೆ ಆ ಕ್ಯಾಲೆಂಡರನ್ನು ಕೇಳಿದೆ. ಮೆಕ್ಯಾನಿಕ್ ಕೈ ಒರೆಸಿಕೊಂಡು ಸುರುಳಿ ಸುತ್ತಿ ಕೊಟ್ಟ. ಅಸಾಂಟೆ ಎಂದು ಧನ್ಯವಾದ ಹೇಳಿ ಮನೆಗೆ ತಂದೆ. ನನ್ನವಳು ಬಿಡಿಸಿ ನೋಡಿ, "ಯಾರೂ ಇಲ್ವಲ್ರೀ ಇದ್ರಲ್ಲಿ," ಎಂದಳು.

"ಇದಾರೆ," ಎಂದೆ. "ಒಳಗೆ ಮೆಟ್ಟಿಲ ಮೇಲೆ ಕೂತು ರೀಲು ಹಾಕ್ತಿದಾರೆ."

ಅವಳು ಮೊಳೆ ಹುಡುಕಲು ಹೋದಳು.